ಹೊಲದಂಚಿನ ಜೀವಗಳು: ಔಷಧಿ ಹೊಡೆಯುವವರ ಪ್ರಶ್ನೆ, ನನ್ನ ಉತ್ತರ

ಹೊಲಕ್ಕೆ ಹೊಡೆಯುವ ಔಷಧಿಯಿಂದ ಕಾಡುಪ್ರಾಣಿಗಳಿಗೆ ಆಗುವ ತೊಂದರೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಜಗಳೂರು, ಹೊನ್ನಾಳಿ, ಹರಿಹರ, ಚಳ್ಳಕೆರೆ, ಚಿತ್ರದುರ್ಗದಿಂದ ಪತ್ರಗಳು ಬಂದಿವೆ. ಕೃಷಿ ಇಲಾಖೆಯಲ್ಲಿದ್ದಾಗ ನಾನು ಹೆಚ್ಚು ಓಡಾಡಿದ್ದು ಇದೇ ಊರುಗಳಲ್ಲಿ. ಪತ್ರ ಓದುವಾಗ ಆ ಹೊಲ, ಆ ಹಳ್ಳ ಕಣ್ಮುಂದೆ ಬಂದವು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಮೇಡಂ, ನಮ್ಮ ಹೊಲ ರಂಗಯ್ಯನದುರ್ಗ ಕಾಡಿನ ಹತ್ತಿರ ಇದೆ. ಮೆಕ್ಕೆಜೋಳ ಬಿತ್ತಿದ ಮಾರನೇ ದಿನ ಬದುವಿನ ಹತ್ತಿರ ನವಿಲುಗಳು ಸತ್ತು ಬಿದ್ದಿದ್ದವು. ನಾವೇ ವಿಷ ಇಟ್ಟಿದ್ದೀವಿ ಅಂತ ಊರಲ್ಲಿ ಮಾತಾಡ್ತಾರೆ. ದೇವರಾಣೆ ಏನೂ ಇಟ್ಟಿಲ್ಲ. ಪ್ಯಾಕೆಟ್ ಬೀಜ ತಂದು ಬಿತ್ತಿದ್ದೀವಿ ಅಷ್ಟೆ. ಇದು ಹೇಗಾಯ್ತು? ಕೊಂಡುಕುರಿಗೂ ಹೀಗಾಗುತ್ತಾ?
— ರೈತ, ಜಗಳೂರು ತಾಲ್ಲೂಕು

ಅಣ್ಣಾ, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಯಾರೂ ವಿಷ ಇಡದೆಯೂ ನವಿಲು ಸಾಯಬಹುದು. ಹಾಗಂತ ನಿಮ್ಮ ಹೊಲದ ನವಿಲು ಸತ್ತಿದ್ದು ಬೀಜದಿಂದಲೇ ಎಂದು ಇಲ್ಲಿ ಕೂತು ಹೇಳುವುದು ತಪ್ಪಾಗುತ್ತದೆ. ಅದನ್ನು ಪಶುವೈದ್ಯರ ಮರಣೋತ್ತರ ಪರೀಕ್ಷೆ ಹೇಳಬೇಕು. ಆದರೆ ಬೀಜದ ಮೇಲೆ ಅನುಮಾನ ಬರುವುದಕ್ಕೆ ಕಾರಣ ಇದೆ.

ಪ್ಯಾಕೆಟ್ ಒಡೆದಾಗ ಕಾಳು ಗುಲಾಬಿ, ಹಸಿರು ಅಥವಾ ನೀಲಿ ಬಣ್ಣದಲ್ಲಿ ಇತ್ತು ಅಲ್ವಾ? ಅಂಥ ಬಣ್ಣ ಇದ್ದರೆ ಬೀಜಕ್ಕೆ ಔಷಧಿ ಲೇಪಿಸಿದ್ದಾರೆ ಎಂದೇ ತಿಳಿಯಿರಿ. 2018ರಲ್ಲಿ ನಮ್ಮ ಭಾಗಕ್ಕೆ ಮೆಕ್ಕೆಜೋಳದ ಎಲೆ, ಸುಳಿ ತಿನ್ನುವ ಹೊಸ ಲದ್ದಿ ಹುಳು ಬಂತು. ದೇಶದಲ್ಲೇ ಮೊದಲು ಕಂಡಿದ್ದು ಕರ್ನಾಟಕದಲ್ಲಿ. ಆಮೇಲೆ ಒಂದು ಕೆಜಿ ಬೀಜಕ್ಕೆ 6 ಮಿಲಿಯಂತೆ ಸಯಾಂಟ್ರಾನಿಲಿಪ್ರೋಲ್ ಮತ್ತು ಥಯೋಮೆಥಾಕ್ಸಾಮ್ ಬೆರೆತ ಔಷಧಿಯಿಂದ ಬೀಜೋಪಚಾರ ಮಾಡಿ ಎಂಬ ಶಿಫಾರಸು ಬಂತು. ಮೊಳಕೆಯಿಂದ ಮೊದಲ ಎರಡು ಮೂರು ವಾರ ಪೈರನ್ನು ಕಾಯಲು ಇದು ಒಳ್ಳೆಯ ದಾರಿಯೇ. ಇಡೀ ಹೊಲಕ್ಕೆ ಹೊಡೆಯುವುದು ಒಂದು ಸಲವಾದರೂ ತಪ್ಪುತ್ತದೆ. ಆದರೆ ಮಣ್ಣಿನ ಮೇಲೆ ಉಳಿದ ಕಾಳು ಹಕ್ಕಿಗೆ ತಿನ್ನುವ ಕಾಳೇ. ಇಂಥ ಔಷಧಿ ಹಚ್ಚಿದ ಕಾಳು ಒಂದೇ ಆದರೂ ಗುಬ್ಬಿ ಗಾತ್ರದ ಹಕ್ಕಿಯನ್ನು ಕೊಲ್ಲಬಹುದು. ನವಿಲಿನ ಮೈ ದೊಡ್ಡದು. ಆದರೆ ಅದು ಒಂದು ಕಾಳಿಗೆ ನಿಲ್ಲುವುದಿಲ್ಲ. ಸಾಲು ಹಿಡಿದು ಕೆದಕುತ್ತಾ ಹೋಗುತ್ತದೆ.

ಬಿತ್ತನೆ ನೋಡಲು ಹೋದಾಗ ನಾನು ಮೊದಲು ಸಾಲಿನ ತುದಿಗೆ ಹೋಗಿ ನೋಡುತ್ತಿದ್ದೆ. ಟ್ರ್ಯಾಕ್ಟರ್ ತಿರುಗಿಸುವಾಗ ಕೂರಿಗೆ ಮೇಲೆತ್ತುತ್ತಾರೆ. ಬೀಜ ಬೀಳುವುದು ತಕ್ಷಣ ನಿಲ್ಲುವುದಿಲ್ಲ. ಒಂದು ಹಿಡಿ ಕಾಳು ಬದುವಿನ ಬುಡದಲ್ಲಿ ಬಯಲಲ್ಲೇ ಬಿದ್ದಿರುತ್ತದೆ. ಕೂರಿಗೆಯ ಪೆಟ್ಟಿಗೆಗೆ ಬೀಜ ಸುರಿಯುವ ಜಾಗದಲ್ಲಿ ಇನ್ನೊಂದಷ್ಟು. ನವಿಲು ಬೆಳಗಿನ ಜಾವ ಕಾಡಿನಿಂದ ಇಳಿದು ಮೊದಲು ಬರುವುದೂ ಆ ಬದುವಿಗೇ. ಮುಂದಿನ ಮುಂಗಾರಿಗೆ ಇಷ್ಟು ಮಾಡಿ ಅಣ್ಣಾ. ಸಾಲು ಮುಗಿಯುವುದಕ್ಕೆ ಸ್ವಲ್ಪ ಮೊದಲೇ ಬೀಜ ಬಿಡುವುದನ್ನು ನಿಲ್ಲಿಸಿ. ಬೀಜ ಒಂದೂವರೆಯಿಂದ ಎರಡು ಇಂಚು ಆಳಕ್ಕೆ ಇಳಿಯಲಿ. ಬಿತ್ತಿದ ಸಂಜೆಯೇ ಬದುವಿನ ಸುತ್ತ ಒಂದು ಸುತ್ತು ನಡೆದು ಮೇಲೆ ಬಿದ್ದ ಕಾಳನ್ನು ಮಣ್ಣಲ್ಲಿ ಮುಚ್ಚಿ. ಮಿಕ್ಕ ಬೀಜ ಕೋಳಿಗೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ.

ಕೊಂಡುಕುರಿಯ ವಿಷಯ ಬೇರೆ. ಅದು ಕಾಳು ಕೆದಕುವ ಪ್ರಾಣಿ ಅಲ್ಲ. ಎಲೆ, ಹಣ್ಣು, ಎಳೆ ಹುಲ್ಲು ತಿನ್ನುತ್ತದೆ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಗಿಡ್ಡ, ಹಿಂದಿನ ಎರಡು ಉದ್ದ. ಇಂಥ ಕಾಡುಪ್ರಾಣಿ ಪ್ರಪಂಚದಲ್ಲಿ ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಅದಕ್ಕೆಂದೇ 2011ರಲ್ಲಿ ರಂಗಯ್ಯನದುರ್ಗವನ್ನು ವನ್ಯಧಾಮ ಮಾಡಿದ್ದು. ಒಂಟಿಯಾಗಿಯೋ ಜೋಡಿಯಾಗಿಯೋ ಕುರುಚಲು ಕಾಡಿನಲ್ಲಿ ಅಡಗಿ ಬದುಕುವ ಈ ಪ್ರಾಣಿಗೆ ದಿನಾ ನೀರು ಬೇಕು. ನಮ್ಮ ಔಷಧಿಯಿಂದ ಅದಕ್ಕೆ ಅಪಾಯ ಬರುವುದು ನೀರಿನಿಂದ, ಮತ್ತೆ ಗಾಳಿಗೆ ಹಾರಿ ಬದುವಿನ ಸೊಪ್ಪಿನ ಮೇಲೆ ಕೂರುವ ಹನಿಯಿಂದ. ನೀರಿನ ಬಗ್ಗೆ ಕೆಳಗಿನ ಪತ್ರದಲ್ಲಿ ಬರೆದಿದ್ದೇನೆ.

ಇನ್ನು ಮುಂದೆ ಸತ್ತ ನವಿಲು ಕಂಡರೆ ಹೂಳಬೇಡಿ, ಮುಟ್ಟಬೇಡಿ, ನಾಯಿ ಎಳೆಯದ ಹಾಗೆ ನೋಡಿಕೊಳ್ಳಿ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೀಜದ ಖಾಲಿ ಪ್ಯಾಕೆಟ್ ಎತ್ತಿಡಿ, ಅದರ ಮೇಲಿನ ಲಾಟ್ ನಂಬರ್ ಬೇಕಾಗುತ್ತದೆ. ನೀವೇ ಮುಂದಾಗಿ ಹೇಳಿದರೆ ಊರವರ ಮಾತಿಗೂ ಉತ್ತರ ಸಿಗುತ್ತದೆ.

ಅಕ್ಕಾ, ನಮ್ಮ ಕೃಷಿ ಹೊಂಡದಲ್ಲೇ ಔಷಧಿ ಕ್ಯಾನ್ ತೊಳೀತಾರೆ. ಬೇಡ ಅಂದರೆ "ಇಷ್ಟೊಂದು ನೀರಲ್ಲಿ ಏನಾಗುತ್ತೆ" ಅಂತಾರೆ ಮನೆಯವರು. ರಾತ್ರಿ ಹೊತ್ತು ಕಾಡುಪ್ರಾಣಿ ಅಲ್ಲಿ ನೀರು ಕುಡಿಯೋಕೆ ಬರ್ತವೆ. ಹೆಜ್ಜೆ ನಾನೇ ನೋಡಿದ್ದೀನಿ.
— ಗೃಹಿಣಿ, ಜಗಳೂರು ತಾಲ್ಲೂಕು

ತಂಗೀ, ನೀವು ಹೇಳಿದ್ದೇ ಸರಿ. ಈ ಉತ್ತರವನ್ನು ಮನೆಯವರಿಗೆ ಓದಿ ಹೇಳಿ.

ಹೊಂಡದ ನೀರು ಹರಿಯುವುದಿಲ್ಲ. ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದರೆ ಇಂಗುವುದೂ ಇಲ್ಲ. ಬೇಸಿಗೆಯಲ್ಲಿ ನೀರು ಆರುತ್ತಾ ಹೋಗುತ್ತದೆ. ಒಳಗೆ ಬಿದ್ದಿದ್ದು ಬೇಗ ಕರಗಿ ಹಾಳಾಗುವ ಔಷಧಿ ಅಲ್ಲದಿದ್ದರೆ ಉಳಿದ ನೀರಲ್ಲಿ ಅದರ ಪಾಲು ಜಾಸ್ತಿಯಾಗುತ್ತದೆ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ತರಹದ ಔಷಧಿ ಮೀನಿಗೆ, ನೀರಿನ ಹುಳುಗಳಿಗೆ ಎಷ್ಟು ವಿಷ ಎಂದರೆ ನೂರು ಕೋಟಿ ಪಾಲು ನೀರಿಗೆ ಕೆಲವೇ ಪಾಲು ಬೆರೆತರೂ ಸಾಯುತ್ತವೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ನರಕ್ಕೆ ಹೊಡೆಯುವ ಔಷಧಿಗಳು. ಅದು ಬೆರೆತ ನೀರು ಕುಡಿದ ಪ್ರಾಣಿ ಅಲ್ಲೇ ಬೀಳದಿದ್ದರೂ ಮಂಕಾಗಬಹುದು. ಮಂಕಾದ ಕೊಂಡುಕುರಿ ಬೀದಿನಾಯಿಯಿಂದ ತಪ್ಪಿಸಿಕೊಂಡು ಓಡಲು ಆಗುತ್ತಾ, ಹೇಳಿ.

ಡಬ್ಬಿಯ ಮೇಲಿನ ತ್ರಿಕೋನ ನೋಡಿ ಧೈರ್ಯ ತಂದುಕೊಳ್ಳುವವರು ತುಂಬ ಜನ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಈ ಬಣ್ಣ ಹೇಳುವುದು ಮನುಷ್ಯನ ಮೈಗೆ ಸೇರಿದರೆ ಎಷ್ಟು ಅಪಾಯ ಎಂದು. ಮೀನು, ಕಪ್ಪೆ, ಜೇನಿನ ಲೆಕ್ಕ ಅದರಲ್ಲಿಲ್ಲ. ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಹಸಿರು ತ್ರಿಕೋನ ಇದೆ. ಆದರೂ ನೀರಿನಲ್ಲಿರುವ ಸಣ್ಣ ಜೀವಿಗಳಿಗೆ ಅದು ಘೋರ ವಿಷ.

ತೊಳೆಯುವ ರೀತಿ ಕಷ್ಟದ್ದೇನಲ್ಲ. ನೀರನ್ನು ಕೊಡದಲ್ಲಿ ಹೊತ್ತು ಹೊಂಡದಿಂದ ದೂರ ಒಯ್ದು ಅಲ್ಲಿ ಔಷಧಿ ಕಲಸಲಿ. ಔಷಧಿ ಹೊಡೆಯುವ ಕ್ಯಾನನ್ನು ಹೊಂಡಕ್ಕೆ ಅದ್ದುವುದೇ ಬೇಡ. ಬಾಟಲಿ ಖಾಲಿಯಾದ ಕೂಡಲೇ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ ಕ್ಯಾನಿಗೆ ಸುರಿಯಲಿ. ಹೀಗೆ ಮೂರು ಸಲ. ಬಾಟಲಿಗೆ ಅಂಟಿದ ಔಷಧಿಯೂ ಬೆಳೆಗೇ ಹೋಗುತ್ತದೆ, ದುಡ್ಡೂ ಉಳಿಯುತ್ತದೆ. ಕೊನೆಗೆ ಕ್ಯಾನ್ ತೊಳೆದ ನೀರನ್ನು ಅದೇ ಹೊಲದ ಅದೇ ಬೆಳೆಯ ಮೇಲೆ ಹೊಡೆದು ಮುಗಿಸಲಿ. ಖಾಲಿ ಬಾಟಲಿಗೆ ತೂತು ಮಾಡಿ. ಇಲ್ಲದಿದ್ದರೆ ನಾಳೆ ಅದರಲ್ಲಿ ಸೀಮೆಎಣ್ಣೆಯೋ ನೀರೋ ತುಂಬಿಡುವವರು ಇದ್ದೇ ಇರುತ್ತಾರೆ.

ನೀವು ಕೇಳದ ಒಂದು ಮಾತು. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರುತ್ತದೆ, ಬಿದ್ದ ಪ್ರಾಣಿ ಮೇಲೆ ಹತ್ತಲಾರದು. ಸುತ್ತ ಬೇಲಿ ಹಾಕಿ. ಒಂದು ಕಡೆ ಗಂಟು ಹಾಕಿದ ದಪ್ಪ ಹಗ್ಗವನ್ನೋ ಹಳೆ ಟೈರುಗಳನ್ನೋ ನೀರಿನವರೆಗೆ ಇಳಿಬಿಡಿ. ಮಕ್ಕಳ ಜೀವಕ್ಕೂ ಆಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಭಾವ, ಅಲ್ಲಿನ ರೈತರು ಔಷಧಿ ಹೊಡೆಯುವ ಮೊದಲು ಅಳಿವಿನಂಚಿನ ಪ್ರಾಣಿ ಇದೆಯಾ ಅಂತ ಕಂಪ್ಯೂಟರಿನಲ್ಲಿ ನೋಡಬೇಕು ಎನ್ನುತ್ತಾರೆ. ನಿಜವೇ? ನಮ್ಮಲ್ಲಿ ಏಕಿಲ್ಲ?
— ಕೃಷಿ ವಿದ್ಯಾರ್ಥಿ, ದಾವಣಗೆರೆ

ನಿಜ, ತಮ್ಮಾ. ಎಲ್ಲ ಔಷಧಿಗೂ ಅಲ್ಲ, ಲೇಬಲ್ಲಿನಲ್ಲಿ ಹಾಗೆ ಬರೆದಿರುವ ಔಷಧಿಗೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 'ಬುಲೆಟಿನ್ಸ್ ಲೈವ್ ಟೂ' ಎಂಬ ನಕ್ಷೆ ಇಟ್ಟಿದೆ. ರೈತ ತನ್ನ ಹೊಲ, ಹೊಡೆಯುವ ತಿಂಗಳು, ಔಷಧಿ ಯಾವುದೆಂದು ಆರಿಸಬೇಕು. ಆ ಜಾಗಕ್ಕೆ ಏನಾದರೂ ನಿಯಮ ಇದ್ದರೆ ಬರುತ್ತದೆ. ಹೊಡೆಯುವುದಕ್ಕೆ ಆರು ತಿಂಗಳಿಗಿಂತ ಹಿಂದೆ ತೆಗೆದ ಪ್ರತಿ ನಡೆಯುವುದಿಲ್ಲ. ಬಂದ ನಿಯಮ ಪಾಲಿಸುವುದು ಅಲ್ಲಿ ಕಾನೂನು.

ಇದರ ಬುಡ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ. ಸರ್ಕಾರ ಒಂದು ಕೀಟನಾಶಕಕ್ಕೆ ಅನುಮತಿ ಕೊಡುವಾಗಲೂ ಅಂಥ ಜೀವಿಗೆ ಕುತ್ತು ಬರದಂತೆ ನೋಡಬೇಕು ಎನ್ನುತ್ತದೆ ಅದು. ಆದರೆ ಬಹಳ ವರ್ಷ ಇದು ಸರಿಯಾಗಿ ಜಾರಿಯಾಗಲಿಲ್ಲ. ಜನ ಕೋರ್ಟಿಗೆ ಹೋದರು. ಸಾಲ್ಮನ್ ಮೀನಿನ ಹೊಳೆಗಳ ಪಕ್ಕದಲ್ಲಿ ಕೆಲವು ಔಷಧಿಗಳನ್ನು ನೆಲದಿಂದ ಹೊಡೆಯುವವರು 20 ಗಜ, ವಿಮಾನದಿಂದ ಹೊಡೆಯುವವರು 100 ಗಜ ಬಿಡಬೇಕು ಎಂದು 2004ರಲ್ಲಿ ಕೋರ್ಟು ಹೇಳಿತು. ಕಳೆನಾಶಕಕ್ಕೆ 2024ರ ಆಗಸ್ಟಿನಲ್ಲಿ, ಕೀಟನಾಶಕಕ್ಕೆ 2025ರ ಏಪ್ರಿಲ್‌ನಲ್ಲಿ ಅಂಥ ಜೀವಿಗಳನ್ನು ಕಾಯುವ ಪೂರ್ತಿ ಕಾರ್ಯತಂತ್ರ ಹೊರಬಂತು. ಹನಿ ದಪ್ಪ ಮಾಡುವುದು, ಅಂಚಿನಲ್ಲಿ ಜಾಗ ಬಿಡುವುದು, ಹುಲ್ಲಿನ ಪಟ್ಟಿ ಬೆಳೆಸಿ ಮಳೆನೀರನ್ನು ತಡೆಯುವುದು, ಇವೇ ಅದರ ಮುಖ್ಯ ಉಪಾಯಗಳು. ನಮ್ಮ ಹಿರಿಯರು ಬದುವಿಗೆ ಹುಲ್ಲು ಬಿಡುತ್ತಿದ್ದರಲ್ಲ, ಅದೂ ಇದೇ ಕೆಲಸ ಮಾಡುತ್ತಿತ್ತು.

ನಮ್ಮಲ್ಲಿ 1968ರ ಕೀಟನಾಶಕ ಕಾಯ್ದೆ ಇದೆ, 1971ರ ನಿಯಮಗಳಿವೆ. ನೋಂದಣಿಗೆ ಮೊದಲು ಹಕ್ಕಿ, ಮೀನು, ಜೇನಿಗೆ ಎಷ್ಟು ವಿಷ ಎಂಬ ಮಾಹಿತಿ ಕೇಳುತ್ತಾರೆ. ಆದರೆ ಡಬ್ಬಿಯ ಜೊತೆ ಬರುವ ಚೀಟಿಯನ್ನು ಭೂತಗನ್ನಡಿ ಇಲ್ಲದೆ ಓದಲಾಗದು. ಅದು ಕೊಂಡುಕುರಿ ಇರುವ ಊರಿಗೂ ಒಂದೇ, ಇಲ್ಲದ ಊರಿಗೂ ಒಂದೇ. ಕೃಷಿ ಇಲಾಖೆ ಬೆಳೆ ನೋಡುತ್ತದೆ, ಅರಣ್ಯ ಇಲಾಖೆ ಪ್ರಾಣಿ ನೋಡುತ್ತದೆ, ನಡುವಿನ ಬದು ಯಾರಿಗೂ ಸೇರಿಲ್ಲ. ಇದು ನನಗೆ ಕೆಲಸದಲ್ಲಿದ್ದಾಗಲೂ ನೋವಿನ ವಿಷಯ, ಈಗಲೂ ನೋವಿನ ವಿಷಯ. ರಂಗಯ್ಯನದುರ್ಗ ಮತ್ತು ಚಿತ್ರದುರ್ಗದ ಜೋಗಿಮಟ್ಟಿ ಕಾಡುಗಳ ಸುತ್ತಲಿನ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಒಂದು ನಕ್ಷೆ ಹಾಕಲಿ. ಯಾವ ಹಳ್ಳಕ್ಕೆ ಪ್ರಾಣಿ ಬರುತ್ತದೆ, ಅದರ ಪಕ್ಕ ಯಾವ ಔಷಧಿ ಬೇಡ, ಬದಲಿಗೆ ಯಾವುದು ಎಂದು ದೊಡ್ಡ ಅಕ್ಷರದಲ್ಲಿ ಬರೆಯಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎರಡೂ ಇಲಾಖೆಯವರು ಒಂದು ಮಧ್ಯಾಹ್ನ ಒಟ್ಟಿಗೆ ಕೂರಬೇಕು. ನಿಮ್ಮ ಕಾಲೇಜಿನ ಹುಡುಗ ಹುಡುಗಿಯರು ಆ ನಕ್ಷೆ ಬಿಡಿಸಿಕೊಡಬಹುದು. ಕೇಳಿ ನೋಡಿ, ನಾನೂ ಜೊತೆಗೆ ಬರುತ್ತೇನೆ.

ತುಂಗಭದ್ರೆಯಲ್ಲಿ ಮೊದಲು ನೀರುನಾಯಿ ಹಿಂಡು ಕಾಣುತ್ತಿದ್ದವು. ಈಗ ಅಪರೂಪ. ಭತ್ತದ ಗದ್ದೆ ಔಷಧಿ ಕಾರಣವೇ?
— ಭತ್ತದ ಬೆಳೆಗಾರ, ಹೊನ್ನಾಳಿ ತಾಲ್ಲೂಕು

ಅದೊಂದೇ ಕಾರಣ ಎನ್ನಲಾಗದು ಯಜಮಾನ್ರೇ. ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ದಡದ ಪೊದೆ ಕಡಿಯುವುದು, ಎಲ್ಲವೂ ನೀರುನಾಯಿಗೆ ಕಷ್ಟವೇ. ಆದರೆ ಗದ್ದೆಯ ಪಾಲೂ ಇದೆ. ನೀರುನಾಯಿ ಬದುಕುವುದು ಮೀನಿನ ಮೇಲೆ. ಭದ್ರಾ ನಾಲೆಯ ಗದ್ದೆಗಳಲ್ಲಿ ಹೆಚ್ಚಾದ ನೀರು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಔಷಧಿ ಹೊಡೆದ ಮಾರನೇ ದಿನವೇ ಗದ್ದೆಯ ನೀರು ಹೊರಬಿಡುವ ಮಡೆ ಒಡೆದರೆ ಮೀನುಮರಿಗಳಿಗೆ ಮೊದಲ ಪೆಟ್ಟು.

ನಿಮ್ಮ ಕೈಯಲ್ಲಿರುವುದು ಆ ಮಡೆ. ಔಷಧಿ ಹೊಡೆದ ಮೇಲೆ ಅಥವಾ ಹರಳು ರೂಪದ ಔಷಧಿ ಎರಚಿದ ಮೇಲೆ ಕೆಲವು ದಿನ ನೀರು ಹೊರಗೆ ಬಿಡಬೇಡಿ. ಮಳೆ ಬರುವ ಸೂಚನೆ ಇದ್ದರೆ ಆವತ್ತು ಕೆಲಸವನ್ನೇ ಮುಂದೂಡಿ. ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. ಅಂಗಡಿಯವರು ಒಳಗಿನಿಂದ ತಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ಕೆಳಗೆ ಬಳ್ಳಾರಿ, ಕೊಪ್ಪಳದ ಕಡೆ ಇದೇ ಹೊಳೆಯಲ್ಲಿ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ಅಲ್ಲಿಗೆ ಹೋಗುವ ನೀರು ನಮ್ಮ ಹೊನ್ನಾಳಿ, ಹರಿಹರ ದಾಟಿಯೇ ಹೋಗಬೇಕು.

ಅಮ್ಮಾ, ತೋಳದ ಕಾಟ ಜಾಸ್ತಿಯಾಗಿದೆ. ಸತ್ತ ಕುರಿಗೆ ಔಷಧಿ ಸವರಿ ಇಡು ಅಂತ ಒಬ್ಬರು ಹೇಳಿದರು. ಇಡಬಹುದಾ?
— ಕುರಿಗಾಹಿ, ಚಳ್ಳಕೆರೆ ತಾಲ್ಲೂಕು

ಬೇಡಪ್ಪಾ. ಖಂಡಿತಾ ಬೇಡ. ಕೇಳಿ ಪತ್ರ ಬರೆಸಿದ್ದೀರಲ್ಲ, ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಕುರಿ ಹೋದ ಸಂಕಟ ನನಗೆ ಗೊತ್ತು. ಆದರೆ ಆ ಹೆಣವನ್ನು ತೋಳವೇ ತಿನ್ನುತ್ತದೆ ಎಂದು ಯಾರು ಹೇಳಿದರು? ನರಿ, ಗುಳ್ಳೆನರಿ, ಹದ್ದು, ರಣಹದ್ದು, ನಿಮ್ಮದೇ ಕಾವಲು ನಾಯಿ, ಎಲ್ಲವೂ ತಿನ್ನುತ್ತವೆ. ಒಂದರ ಹೆಣ ತಿಂದು ಇನ್ನೊಂದು ಸಾಯುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ವಿಷ ಇಡುವುದೂ ಬೇಟೆಯೇ. ತೋಳ ಆ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಇರುವ ಮೊದಲ ಪಟ್ಟಿಯ ಪ್ರಾಣಿ, ಜೈಲು ತಪ್ಪುವುದಿಲ್ಲ. ತೋಳ ಹಿಡಿದ ಕುರಿಯ ಹೆಣವನ್ನು ಅಲ್ಲಾಡಿಸದೆ ಫೋಟೊ ತೆಗೆಸಿ, ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಹಾಕಿ. ರಾತ್ರಿ ಮರಿಗಳನ್ನು ಎತ್ತರದ ಬಲೆಯೊಳಗೆ ಕೂಡಿ, ನಾಯಿ ಹಟ್ಟಿಯ ಹೊರಗಿರಲಿ.

ಚಿತ್ರದುರ್ಗದ ಕೋಟೆ ಬಂಡೆಗಳ ಮೇಲೆ ಹಿಂದೆ ರಣಹದ್ದು ಇದ್ದವು ಎಂದು ಅಜ್ಜ ಹೇಳುತ್ತಿದ್ದರು. ಕೀಟನಾಶಕದಿಂದ ಹೋದವಾ?
— ಓದುಗ, ಚಿತ್ರದುರ್ಗ

ದೇಶದಲ್ಲಿ ರಣಹದ್ದು ನಾಶವಾಗಿದ್ದಕ್ಕೆ ದೊಡ್ಡ ಕಾರಣ ಡೈಕ್ಲೋಫೆನಾಕ್, ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ. ಆ ದನದ ಹೆಣ ತಿಂದ ಹಕ್ಕಿಯ ಮೂತ್ರಪಿಂಡ ಕೆಡುತ್ತಿತ್ತು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಕಡಿಮೆಯಾಯಿತು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ದನದ ನೋವಿಗೆ ರಣಹದ್ದಿಗೆ ತೊಂದರೆ ಕೊಡದ ಮೆಲಾಕ್ಸಿಕಾಮ್ ಸಾಕು ಎಂದು ನಿಮ್ಮ ಪಶುವೈದ್ಯರಿಗೆ ಹೇಳಿ. ಆದರೆ ಉಳಿದ ಕೆಲವೇ ಹಕ್ಕಿಗಳಿಗೆ ಮೇಲಿನ ಪತ್ರದಲ್ಲಿ ಕೇಳಿದಂಥ ವಿಷದ ಹೆಣ ಈಗಲೂ ಯಮ.

ಅಟ್ಟದ ಮೇಲೆ ಮಾನೋಕ್ರೋಟೋಫಾಸ್ ಡಬ್ಬಿ ಇದೆ. ಸುಮ್ನೆ ಹಾಳಾಗುವುದು ಯಾಕೆ ಅಂತ ಕಡಲೆಗೆ ಹೊಡೆಯಲೇ?
— ರೈತ, ಹರಿಹರ ತಾಲ್ಲೂಕು

ಹೊಡೆಯಬೇಡಿ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಇದ್ದ ದಾಸ್ತಾನಿಗೆ ಕೊಟ್ಟ ಕಾಲವೂ ಮುಗಿದಿದೆ. ಹಕ್ಕಿಗಳಿಗೆ ಅದರಷ್ಟು ಕೆಟ್ಟ ಔಷಧಿ ಕಡಿಮೆ. 1995–96ರಲ್ಲಿ ಅರ್ಜೆಂಟೀನಾದ ರೈತರು ಮಿಡತೆಗೆ ಅದನ್ನು ಹೊಡೆದರು. ಮಿಡತೆ ತಿನ್ನಲು ಬಂದ ಸ್ವೈನ್ಸನ್ ಗಿಡುಗಗಳು ಸಾವಿರಗಟ್ಟಲೆ ಹೊಲದಲ್ಲೇ ಸತ್ತವು. ಅವು ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಅಷ್ಟು ದೂರ ಹಾರಿ ಬಂದಿದ್ದವು. ನಮ್ಮಲ್ಲೂ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಗಿಡುಗ ಬರುತ್ತವೆ. ಕಡಲೆ ಹೊಲದ ಮೇಲೆ ತೀರಾ ಕೆಳಗೆ, ರೆಕ್ಕೆ ಎತ್ತಿ ತೇಲುತ್ತಾ ಹೋಗುವ ಹಕ್ಕಿ ನೀವು ನೋಡಿರುತ್ತೀರಿ. ಅವು ಹುಡುಕುವುದೂ ಮಿಡತೆಯನ್ನೇ. ಡಬ್ಬಿಯನ್ನು ಚೆಲ್ಲಬೇಡಿ, ಹೂಳಬೇಡಿ. ಬೀಗ ಹಾಕಿಟ್ಟು ರೈತ ಸಂಪರ್ಕ ಕೇಂದ್ರದವರಿಗೆ ತಿಳಿಸಿ.

ಎಲ್ಲ ಬೇಡ ಬೇಡ ಅಂದರೆ ಲದ್ದಿ ಹುಳುವಿಗೆ ಏನು ಮಾಡೋದು ಮೇಡಂ? ಬೆಳೆ ಹೋದರೆ ಸಾಲ ಯಾರು ತೀರಿಸ್ತಾರೆ?
— ಮೆಕ್ಕೆಜೋಳ ಬೆಳೆಗಾರ, ದಾವಣಗೆರೆ ತಾಲ್ಲೂಕು

ನ್ಯಾಯವಾದ ಪ್ರಶ್ನೆ. ಔಷಧಿಯೇ ಬೇಡ ಎಂದು ನಾನು ಹೇಳುವುದಿಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ, ಬೇಕಾದಷ್ಟೇ ಹಾಕಿ.

ಮೊಳಕೆ ಬಂದ ವಾರದಿಂದ ದಿನ ಬಿಟ್ಟು ದಿನ ಹೊಲ ನೋಡಿ. ಎಲೆಯ ಮೇಲೆ ಕೂದಲು ಮೆತ್ತಿದಂತೆ ಕಾಣುವ ಮೊಟ್ಟೆಯ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಬೆರಳಲ್ಲಿ ಹಿಚುಕಿದರೆ ಅಷ್ಟೂ ಹುಳು ಅಲ್ಲೇ ಮುಗಿಯಿತು. ಮರಿಹುಳು ಕೆರೆದು ಎಲೆಯಲ್ಲಿ ಕಿಟಕಿಯಂಥ ಸಣ್ಣ ಬಿಳಿ ಮಚ್ಚೆಗಳು ಕಂಡಾಗ 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜದ ತಿರುಳಿನ ಪುಡಿ ನೆನೆಸಿದ ಕಷಾಯ ಹೊಡೆಯಿರಿ. ತಂಪು ಹವೆ ಇದ್ದರೆ ನೊಮೂರಿಯಾ ರಿಲೆಯಿ ಎಂಬ ಶಿಲೀಂಧ್ರ ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳು ಬಿಳಿ ಬೂಸ್ಟು ಹಿಡಿದು ಸುಳಿಯಲ್ಲೇ ಸಾಯುತ್ತದೆ, ಹಕ್ಕಿಗೂ ಮೀನಿಗೂ ತೊಂದರೆ ಇಲ್ಲ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನಲ್ಲೋ ವಿಚಾರಿಸಿ.

ಅದಕ್ಕೂ ಬಗ್ಗದಿದ್ದರೆ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ, ಸಂಜೆ ಹೊತ್ತು, ಗಾಳಿ ಇಲ್ಲದಾಗ, ನಾಜಲ್ ಸುಳಿಗೆ ಹಿಡಿದು ಹೊಡೆಯಿರಿ. ಕಾಡಿನ ಕಡೆಯ ಕೊನೆಯ ಸಾಲುಗಳಿಗೆ ಇದು ಬೇಡ, ಬೇವು ಸಾಕು. ದೊಡ್ಡ ಹುಳುವಿಗೆ ತೌಡು, ಬೆಲ್ಲ, ಥಯೋಡಿಕಾರ್ಬ್ ಕಲಸಿದ ವಿಷದ ಉಂಡೆ ಹೇಳುತ್ತಾರೆ. ಜಗಳೂರು, ಚಿತ್ರದುರ್ಗದಲ್ಲಿ ಕರಡಿ ಓಡಾಡುವ ಊರುಗಳಲ್ಲಿ ನನಗೆ ಅದು ಭಯ. ಬೆಲ್ಲದ ವಾಸನೆಗೆ ಕರಡಿ ಬರದೆ ಇರುತ್ತಾ? ಅಂಥ ಕಡೆ ಮಾಡಲೇಬೇಡಿ. ಬೇರೆ ಕಡೆ ಮಾಡಿದರೂ ಸುಳಿಯೊಳಗೆ ಇಡಿ, ನೆಲಕ್ಕೆ ಎರಚಬೇಡಿ.

ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಬಂದ ಮೇಲೆ ಹೊಡೆಯುವುದನ್ನು ನಿಲ್ಲಿಸಿ. ಆಗ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ತೆನೆಯಲ್ಲಿ ಹುಳು ಕಂಡರೆ ಕೈಯಲ್ಲೇ ಆರಿಸಿ ತೆಗೆಸಿ.